ಹರಸುವ ಕೈಗೆ ಕೂಸು ಬೇಡವೇ?

ಇದನ್ನು ಬರೆಯಲೇಬೇಕು.

ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆ. ಮಕ್ಕಳಾಗದವರಿಗೆ ಉಚಿತ ಚಿಕಿತ್ಸೆ ಕೊಡುವ ವಿಭಾಗ. ನಾನೂ ಬೆಂಚಿನ ಮೇಲೆ ಕಾಯುತ್ತಾ ಕುಳಿತಿದ್ದೆ.

ನಕ್ಷತ್ರಾ ಎಂಬ ಮಂಗಳಮುಖಿ ಒಳಗೆ ಬಂದಳು. ಹೆಂಗಸರೆಲ್ಲ ಎದ್ದು ಮುತ್ತಿಕೊಂಡರು.

"ಯವ್ವಾ, ನನ್ನ ತಲಿ ಮ್ಯಾಲ ಕೈ ಇಡು..."

ಪಾಪ, ಒಬ್ಬರನ್ನೂ ಬಿಡದೆ ಹರಸಿದಳು. "ಜಲ್ದಿ ತೊಟ್ಟಿಲು ಕಟ್ರಿ" ಅಂದಳು.

ಆಮೇಲೆ ನನ್ನ ಪಕ್ಕ ಬಂದು ಸರದಿಗೆ ಕುಳಿತಳು. ಅಷ್ಟೇ... ಕೈ ಮುಗಿದವರೇ ಸೆರಗು ಎಳೆದುಕೊಂಡು ದೂರ ಸರಿದರು!

"ಈಕಿಗ್ಯಾಕ ಇಲ್ಲಿ ಪಾಳಿ?"

ನಕ್ಷತ್ರಾ ನನಗೆ ಮೆಲ್ಲಗೆ ಹೇಳಿದಳು. "ಮುಂದಿನ ವಾರ ನನ್ನ ಹೆಣ್ಣಾಗೂ ಆಪರೇಷನ್ ಐತಿ ಅಕ್ಕಾ. ಆಮ್ಯಾಲ ನನ್ನ ರಕ್ತದ ಕೂಸು ಆಗೂದಿಲ್ಲ. ಅದಕ್ಕ ಮೊದಲ ವೀರ್ಯ ತಗದು ಫ್ರೀಜ್ ಮಾಡಿ ಇಡ್ರಿ ಅಂತ ಕೇಳಾಕ ಬಂದೀನಿ. ಪ್ರೈವೇಟ್‌ನ್ಯಾಗ ಮಾಡ್ಸೋ ಶಕ್ತಿ ನನಗಿಲ್ಲ."

ಅವಳ ಸರದಿ ಬಂತು. ಬಾಗಿಲು ತೆರೆದೇ ಇತ್ತು... ಎಲ್ಲವೂ ಕೇಳಿಸುತ್ತಿತ್ತು.

ಡಾಕ್ಟರು ಜೋರಾಗಿ ನಕ್ಕರು. "ನಿಮಗ್ಯಾಕ್ರೀ ಮಕ್ಳು? ಈ ಸ್ಕೀಮ್ ಇರೋದು ಸಂಸಾರಸ್ಥರಿಗೆ!" ನರ್ಸ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದಳು.

ಥೂ! ನಗುವ ಮಾತೇ ಅದು?

ನಕ್ಷತ್ರಾ ಎದ್ದು ಹೊರಗೆ ನಡೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದೆಯೇ ಓಡಿ ಅವಳ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಅದೇ ಡಾಕ್ಟರು ಬೆನ್ನಟ್ಟಿ ಬಂದರು! ಮನಸ್ಸು ಬದಲಾಯಿತೇನೋ ಎಂದು ನಕ್ಷತ್ರಾ ಗಡಬಡಿಸಿ ಕಣ್ಣೊರೆಸಿಕೊಂಡಳು.

ಆ ಮನುಷ್ಯ ಆಚೆ ಈಚೆ ನೋಡಿ ಪಿಸುಗುಟ್ಟಿದರು.

"ನಮ್ಮ ಸೊಸಿಗೆ ಭಾಳ ವರ್ಷದಿಂದ ಮಕ್ಕಳಿಲ್ಲ ತಾಯಿ... ಎಲ್ಲಾ ಟ್ರೀಟ್‌ಮೆಂಟ್ ಮಾಡ್ಸಿ ಸಾಕಾಗೇತಿ. ನಿಮ್ಮ ಮಾತು ಸುಳ್ಳಾಗೂದಿಲ್ಲ ಅಂತಾರ. ಒಂದ್ ಆಶೀರ್ವಾದ ಮಾಡಿ ಹೋಗವಾ..."

ಅಂದವರೇ ತಲೆ ಬಗ್ಗಿಸಿ ನಿಂತರು!

ನನಗೋ ಮುಖಕ್ಕೆ ಉಗಿದುಬಿಡಬೇಕು ಅನ್ನಿಸಿತು. ನಕ್ಷತ್ರಾ ಉಗಿಯಲಿಲ್ಲ. ಕೈಯನ್ನು ಆ ತಲೆಯ ಮೇಲಿಟ್ಟಳು.

"ನಿಮ್ಮ ಸೊಸಿ ಮಡಿಲು ತುಂಬಲಿ ಸರ್... ಆದ್ರ ಹುಟ್ಟಿದ ಕೂಸು ನನ್ನಂಗ ಆತಂದ್ರ, ಅದನ್ನ ನೋಡಿ ಹಿಂಗ ನಗಬ್ಯಾಡ್ರಿ."

ಡಾಕ್ಟರ ಕಣ್ಣಲ್ಲಿ ನೀರು ತುಂಬಿತು. ಕನ್ನಡಕ ತೆಗೆದು ಒರೆಸಿಕೊಂಡರು... ತಿರುಗಿ ತಮ್ಮ ರೂಮಿಗೆ ಹೋಗಿ ಮುಂದಿನವರನ್ನು ಕರೆದರು.

ನಕ್ಷತ್ರಾ ಕೇಳಿದ್ದನ್ನು ಮಾತ್ರ ಮಾಡಿಕೊಡಲಿಲ್ಲ. ಆ ಕಣ್ಣೀರು ಯಾವ ಭಾಗ್ಯಕ್ಕೆ?

*ತಾಯಿ ಎಂದು ತಲೆ ಬಗ್ಗಿಸುವ ಮೊದಲು, ಅವಳಿಗೂ ತಾಯಿಯಾಗಲು ದಾರಿ ಬಿಡಿ.*

ನಿಮ್ಮ ಮಗುವಿನ ತಲೆಯ ಮೇಲೆ ಇಂಥವರ ಕೈ ಇಡಿಸಿದ್ದೀರಲ್ಲ... ಅವರ ಮಡಿಲಲ್ಲೂ ಒಂದು ಕೂಸು ಆಡಲಿ ಅಂತ ಒಮ್ಮೆಯಾದರೂ ಅಂದುಕೊಂಡಿದ್ದೀರಾ?