ಹೋರಿಗೂ ಗೊರಸಿನವನಿಗೂ ನಡುವೆ

ಹದಿನೇಳನೆಯ ಹಸುವಿನ ಕೆಚ್ಚಲಿಗೆ ಕರೆಯುವ ಯಂತ್ರದ ನಾಲ್ಕು ಬಟ್ಟಲುಗಳನ್ನು ಸಿಕ್ಕಿಸಿ ನೆರಿಡಾ ಮುಂದಿನದಕ್ಕೆ ಕೈ ಎತ್ತುವಷ್ಟರಲ್ಲಿ, ಹಾಲಿನ ಟ್ಯಾಂಕರಿನ ಕೆವ್ ಕೊಟ್ಟಿಗೆಯ ಬಾಗಿಲಲ್ಲಿ ತಲೆ ಹಾಕಿದ.

"ನನ್ ಮಾತು ಕೇಳು ನೆರಿಡಾ, ಬೇಡ. ನನ್ ನಾದಿನಿ ಮಾಡಿಸ್ಕೊಂಡು ಈಗ ಬೋರಲು ಮಲಗಕ್ಕಾಗಲ್ಲ ಅಂತಾಳೆ."

ಹೇಳಿ ಹೋಗಿಯೇಬಿಟ್ಟ. ಬೆಳಿಗ್ಗೆ ದನದ ಡಾಕ್ಟರ್, "ಮೆಲ್ಬರ್ನಿಗ್ಯಾಕೆ ಹೋಗ್ತೀಯಾ? ಹೊಲಿಗೆ ನಾನೇ ಹಾಕ್ತಿದ್ದೆ" ಅಂದು ತನ್ನ ಮಾತಿಗೆ ತಾನೇ ನಕ್ಕಿದ್ದ. ಅವಳ ಗಂಡ ಡಾರ್ಸಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಂದವರೆಲ್ಲ ಓದುವ ಕೊಟ್ಟಿಗೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದ, ಅಷ್ಟೆ. ಜೂನ್ ಹದಿನೇಳು: ಹೋರಿ ವಾಪಸ್ಸು. ಹದಿನೆಂಟು: ನೆರಿಡಾ, ಎದೆ ಎತ್ತಿಸುವುದು. ಹತ್ತೊಂಬತ್ತು: ಗೊರಸು ಕತ್ತರಿಸುವವನು.

"ಹದಿನೈದಕ್ಕೆ ಹಸುಗಳೆಲ್ಲ ಬತ್ತಿರ್ತವೆ. ಆರು ವಾರ ನೀನು ಕೈ ಎತ್ತಂಗಿಲ್ಲ ತಾನೆ? ಆಗಸ್ಟಲ್ಲಿ ಅವು ಕರು ಹಾಕೋ ಹೊತ್ತಿಗೆ ನೀನೂ ರೆಡಿ," ಎಂದು ಅವನು ಉಡುಗೊರೆ ಕೊಟ್ಟವನ ಹಾಗೆ ಹೇಳಿದ್ದ. ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಅದೇ ಅವಳಿಗೆ ಚುಚ್ಚುತ್ತಿತ್ತು.

ಇಳಿಬಿದ್ದ ಮೊಲೆ ಎತ್ತಿ ಹೊಲಿಯುವ ಆಪರೇಷನ್ನಿನ ಬಗ್ಗೆ ಸರ್ಜನ್ ಕೊಟ್ಟ ಪುಸ್ತಿಕೆ ಪ್ಲಾಸ್ಟಿಕ್ ಚೀಲದಲ್ಲಿ, ಅಯೋಡಿನ್ ಡಬ್ಬದ ಹಿಂದೆ ಕೂತಿತ್ತು. ಸಿಗರೇಟು ಸೇದುತ್ತೀರಾ? ಇಲ್ಲ. ತೂಕ ಏರಿಳಿಯುತ್ತದೆಯೇ? ಇಲ್ಲ. ಇನ್ನೂ ಮಕ್ಕಳು ಬೇಕೇ? ಮೂರು ಸಾಕು. ಇದನ್ನು ಮಾಡಿಸಿಕೊಳ್ಳುತ್ತಿರುವುದು ಯಾರಿಗಾಗಿ? ಆ ಸಾಲೊಂದು ಖಾಲಿ. ಆಗುತ್ತದೆ, ಇಲ್ಲ, ಎರಡರಲ್ಲೊಂದನ್ನು ನಾಳೆ ಸಂಜೆಯೊಳಗೆ ಆಸ್ಪತ್ರೆಗೆ ಹೇಳಬೇಕು. ದಿನಾ ಬೆಳಿಗ್ಗೆ ಎರಡೂ ಮೊಲೆಗಳನ್ನು ನಾದಿದ ಹಿಟ್ಟಿನ ಉಂಡೆಯಂತೆ ಎತ್ತಿ ಬ್ರಾದೊಳಗೆ ತುಂಬುವಾಗ ಬೇಕು ಅನ್ನಿಸುತ್ತಿತ್ತು. ಕೊಟ್ಟಿಗೆಗೆ ಬಂದು ನಾಲ್ಕು ಜನರ ಮಾತು ಕೇಳಿದ ಮೇಲೆ, ಅನ್ನಿಸಿದ್ದು ತನಗೋ ಗೋಡೆಗೋ ಎಂದು ಗೊತ್ತಾಗುತ್ತಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಥೆಲ್ಮಾ ಮಾತ್ರ ಇನ್ನೂ ಏನೂ ಹೇಳಿರಲಿಲ್ಲ. ಎಪ್ಪತ್ತರ ಹತ್ತಿರದ ಹೆಂಗಸು. ವರ್ಷಕ್ಕೊಮ್ಮೆ ಬಂದು ಒಂದೊಂದು ಹಸುವಿಗೂ ಒಂಬತ್ತಕ್ಕೆ ಇಷ್ಟೆಂದು ಅಂಕ ಹಾಕುವುದು, ದನಗಳ ಪ್ರದರ್ಶನದಲ್ಲಿ ತೀರ್ಪು ಕೊಡುವುದು ಅವಳ ಕೆಲಸ.

"ಡಚೆಸ್," ಎಂದು ಥೆಲ್ಮಾ ಹಸುವಿನ ಹೆಸರು ಬರೆದುಕೊಂಡಳು. "ಕಾಲು ಎಂಟು. ಬೆನ್ನು ಏಳು. ಕೆಚ್ಚಲಿನ ಹಿಡಿತ, ಮೂರು."

"ಆರು ಸೂಲಾಗಿದೆ, ಪಾಪ. ಒಂದಂಕ ಜಾಸ್ತಿ ಹಾಕಿ."

"ಇಳಿದಿದ್ದು ಇಳಿದಿದ್ದೇ ಕಣೇ."

"ಎತ್ತಿಸಿದ್ರೆ?"

ಥೆಲ್ಮಾಳ ಪೆನ್ಸಿಲ್ ನಿಂತಿತು. "ಹೋದ ವರ್ಷ ಒಬ್ಬ ಕೆಚ್ಚಲಿಗೆ ಅಂಟು ಹಾಕಿ ಎತ್ತಿ ನಿಲ್ಲಿಸ್ಕೊಂಡು ಪ್ರದರ್ಶನಕ್ಕೆ ತಂದಿದ್ದ. ಹಸೂನೂ ಅವನನ್ನೂ ಒಟ್ಟಿಗೆ ಹೊರಗೆ ಹಾಕ್ದೆ. ಮೂರು ವರ್ಷ ಆ ಕಡೆ ತಲೆ ಹಾಕಂಗಿಲ್ಲ."

"ಅಂದ್ರೆ ನೀವೂ ಬೇಡ ಅಂತೀರಿ. ಗೋಡೆ ಓದಿದ್ದೀರಲ್ಲ."

"ಓದ್ದೆ. ಬೇಡ ಅಂತ ಎಲ್ಲಂದೆ? ನಂದು ಎತ್ತಿಸಿ ಹನ್ನೊಂದು ವರ್ಷ ಆಯ್ತು."

ಬಟ್ಟಲುಗಳು ನೆರಿಡಾಳ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಸುಯ್ಯೆಂದು ಗಾಳಿ ಹೀರತೊಡಗಿದವು. ಅವಳ ಕಣ್ಣು ತಾನಾಗಿಯೇ ಥೆಲ್ಮಾಳ ಎದೆಗೆ ಹೋಯಿತು. ಕತ್ತಿನಿಂದ ಮೊಣಕಾಲಿನವರೆಗೆ ಸಗಣಿ ಸಿಡಿದ ರಬ್ಬರ್ ಏಪ್ರನ್, ಬೇರೇನೂ ಕಾಣಲಿಲ್ಲ.

"ಮತ್ತೆ ಆ ಹಸೂನ ಹೊರಗೆ ಹಾಕಿದ್ರಿ?"

"ಅದಕ್ಕೆಲ್ಲಿ ಬೇಕಾಗಿತ್ತು? ಬೇಕಾಗಿದ್ದು ಮಾರೋನಿಗೆ." ಥೆಲ್ಮಾ ಬಗ್ಗಿ ಬಟ್ಟಲುಗಳನ್ನು ಎತ್ತಿಕೊಟ್ಟಳು. "ನಂದನ್ನ ನಾನು ಒಬ್ಬರಿಗೂ ತೋರಿಸಿಲ್ಲ. ಅಕ್ಕನ ಮನೆಗೆ ಅಡಿಲೇಡಿಗೆ ಹೋಗ್ತೀನಿ ಅಂದೆ, ಹೋದೆ, ಬಂದೆ. ಬಚ್ಚಲಲ್ಲಿ ಕನ್ನಡಿ ಮುಂದೆ ನಿಂತು ನಾನೇ ಎಂಟು ಹಾಕ್ಕೊಂಡೆ."

"ಒಂಬತ್ತಲ್ವಾ?"

"ಗಾಯದ ಗುರುತಿದೆಯಲ್ಲ. ಮೋಸ ಮಾಡಬಾರದು. ಮುಂದಿನದರ ಹೆಸರೇನು?"

ಕೆಲಸ ಮುಗಿಯಿತು. ಥೆಲ್ಮಾಳ ಗಾಡಿ ಗೇಟು ದಾಟಿತು. ಹಸುಗಳ ಮೊಲೆತೊಟ್ಟುಗಳಿಗೆ ಅಯೋಡಿನ್ ಹಚ್ಚಿ ಕಂದಾಗಿದ್ದ ಕೈಯಲ್ಲೇ ನೆರಿಡಾ ಕ್ಯಾಲೆಂಡರಿನ ಮುಂದೆ ನಿಂತಳು. ಹೋರಿಗೂ ಗೊರಸಿನವನಿಗೂ ನಡುವೆ ತನ್ನ ಹೆಸರು. ಅದರ ಮೇಲೆ ಹೆಬ್ಬೆರಳಿಟ್ಟು ಉಜ್ಜಿದಳು. ಮೊದಲು ಹೆಸರು ಹೋಯಿತು, ಆಮೇಲೆ ಎದೆ, ಆಮೇಲೆ ಎತ್ತಿಸುವುದು.

ಹಸುಗಳನ್ನು ಹೊಡೆದುಕೊಂಡು ಹೋಗಲು ಬಂದ ಡಾರ್ಸಿ ಆ ಮಚ್ಚೆಯನ್ನು ನೋಡಿದ. "ಏನಿದು?"

"ಅಯೋಡಿನ್ ತಾಗ್ತು."

ಅವನು ಬಗ್ಗಿ ತಾರೀಖು ನೋಡಿದ. "ಬೇಡ ಅನ್ನಿಸ್ತಾ? ಇರಲಿ ಬಿಡು, ನನಗೇನೂ ಬೇಜಾರಿಲ್ಲ. ಹಾಗಾದ್ರೆ ಗೊರಸಿನವನನ್ನೇ ಹದಿನೆಂಟಕ್ಕೆ ಕರೆಸ್ತೀನಿ." ಕಿವಿಯ ಮೇಲಿನ ಪೆನ್ನು ತೆಗೆದು, ಗೊರಸಿನವನಿಂದ ಆ ಮಚ್ಚೆಗೆ ಒಂದು ಬಾಣ ಎಳೆದು, ಸಿಳ್ಳೆ ಹಾಕುತ್ತ ಹೋದ.

ಅವನ ಸಿಳ್ಳೆ ಬೇಲಿಯಾಚೆ ಮುಟ್ಟುವವರೆಗೆ ನೆರಿಡಾ ಕಾದಳು. ಆಮೇಲೆ ಒಂದೊಂದೇ ಹಾಳೆ ಮಗುಚಿದಳು. ಜುಲೈ, ಆಗಸ್ಟ್, ಸೆಪ್ಟೆಂಬರ್. ಅಕ್ಟೋಬರಿನ ನೆತ್ತಿಯ ಮೇಲೆ ಡಾರ್ಸಿ ಜನವರಿಯಲ್ಲೇ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದ: ಹಾಲು ಉಕ್ಕುವ ತಿಂಗಳು, ಯಾರಿಗೂ ರಜೆ ಇಲ್ಲ. ಅದರ ಕೆಳಗೆ, ಒಂಬತ್ತನೆಯ ತಾರೀಖಿನ ಮನೆಯಲ್ಲಿ, ಅವಳು ಕಿರುಬೆರಳಿನಿಂದ ತನ್ನ ಹೆಸರಿನ ಬದಲು ಒಂದು ಕಂದು ಚುಕ್ಕೆ ಇಟ್ಟಳು. ನೊಣ ಕೂತು ಎದ್ದುಹೋದಷ್ಟು.