ತಂದದ್ದು, ಕೊಡದ್ದು

ಬೆಳಿಗ್ಗೆ ಹತ್ತಕ್ಕೆ ಅವಳು ಗುಂಡಿ ಒತ್ತಿದಾಗ ಕಂಪ್ಯೂಟರು ಮೂರು ಸಲ ಕೀಂಯ್ ಎಂದು ಸುಮ್ಮನಾಯಿತು. ಗಂಡನ ಸಾವಿಗೆ ಬಂದಿದ್ದ ಕೊನೆಯ ನೆಂಟರು ಹಿಂದಿನ ಸಂಜೆ ಹೊರಟಿದ್ದರು. ಇವತ್ತಿನಿಂದ ಮತ್ತೆ ಪ್ರೂಫ್ ತಿದ್ದಲು ಕೂರಬೇಕೆಂದು ತಲೆ ಬಾಚಿಕೊಂಡು ಕುರ್ಚಿ ಎಳೆದುಕೊಂಡಿದ್ದಳು. ಪ್ರೂಫು ನೆಪ. ಗಂಡ ಆ ಯಂತ್ರಕ್ಕೊಂದು ಅಭ್ಯಾಸ ಕಲಿಸಿಟ್ಟಿದ್ದ: ದಿನಾ ನಾಲ್ಕು ಗಂಟೆಗೆ ಪರದೆಯ ಮೂಲೆಯಲ್ಲಿ ‘ಬೆನ್ನು ನೆಟ್ಟಗೆ ಮಾಡು, ಮುದುಕಿ’ ಎಂಬ ಸಾಲು ಮೂಡುತ್ತಿತ್ತು. ನಾಲ್ಕು ವರ್ಷ ಅದನ್ನು ಬೈದುಕೊಂಡೇ ಮುಚ್ಚಿದ್ದಳು. ಈಗ ಅದು ಬೇಕಾಗಿತ್ತು.

ರಿಪೇರಿಯವನು ಬಂದು ಡಬ್ಬ ಬಿಚ್ಚಿ ಮೂಸಿ ನೋಡಿದ. ‘ಮದರ್‌ಬೋರ್ಡ್ ಹೋಗಿಬಿಟ್ಟಿದೆ ಮೇಡಂ’ ಎಂದವನು, ಈ ಮನೆಯಲ್ಲಿ ಆಡಬಾರದ ಮಾತಾಯಿತೇನೋ ಎಂದು ನಾಲಿಗೆ ಕಚ್ಚಿಕೊಂಡ. ಬೋರ್ಡ್ ಹೊಸದು ಹಾಕುವುದಾದರೆ ಒಳಗಿನದೆಲ್ಲ ಅಳಿಸಿ ಹೊಸದಾಗಿಯೇ ತುಂಬಿಬಿಡುತ್ತೇನೆ, ಮನೆಗೆ ಸುಣ್ಣ ಹೊಡೆದ ಹಾಗಿರುತ್ತದೆ ಎಂದ.

‘ಬೇಡ. ಎಲ್ಲಾ ಇದ್ದ ಹಾಗೇ ಇರ್ಬೇಕು.’

‘ಧೂಳಾದ್ರೂ ಒರೆಸ್ಲಾ ಮೇಡಂ?’

ಅವಳು ಸ್ವಲ್ಪ ಹೊತ್ತು ಯೋಚಿಸಿ, ಅದಕ್ಕೆ ಒಪ್ಪಿದಳು.

ಅವನು ಅಂಗಡಿಗೆ ಹೋಗಿ ಹಳೆಯದರ ಜಾತಿಯದೇ ಒಂದು ಬೋರ್ಡ್ ಹುಡುಕಿ ತಂದು, ಹಳೆಯ ಡಿಸ್ಕನ್ನೇ ಅದಕ್ಕೆ ಜೋಡಿಸುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ಪರದೆ ಬೆಳಗಿತು. ಅವಳು ತನಗೆ ಗೊತ್ತಿದ್ದ ನಾಲ್ಕು ಅಂಕಿಗಳನ್ನು ಒತ್ತಿದಳು. ಯಂತ್ರ ಒಪ್ಪಲಿಲ್ಲ. ಆ ಅಂಕಿಗಳು ಹಳೆಯ ಬೋರ್ಡಿಗೆ ಮಾತ್ರ ಗೊತ್ತು, ಹೊಸದಕ್ಕೆ ಈ ಮನೆಯವರ ಗುರುತಿಲ್ಲ, ಅದಕ್ಕೇ ಮೂಲ ಪಾಸ್‌ವರ್ಡ್ ಕೇಳುತ್ತಿದೆ ಎಂದು ಅವನು ವಿವರಿಸಿದ. ಬೀಗ ಒಡೆಯುವುದು ತನಗೆ ಐದು ನಿಮಿಷದ ಕೆಲಸ. ಆದರೆ ಒಡೆದರೆ ಒಳಗೆ ಸರ್ ಇಟ್ಟುಕೊಂಡಿದ್ದರಲ್ಲಿ ಕೆಲವು ಅಳಿಸಿಹೋಗಬಹುದು, ಯಾವುದು ಎಂದು ತಾನು ಹೇಳಲಾರೆ. ಅವಳು ಬೇಡವೆಂದು ತಲೆಯಾಡಿಸಿದಳು. ಪಾಸ್‌ವರ್ಡ್ ಅವಳಿಗೆ ಗೊತ್ತಿರಲಿಲ್ಲ. ಕೆಳಗೆ ಗಂಡನೇ ಬರೆದಿಟ್ಟ ಸುಳಿವು ಕಾಣಿಸಿತು, ಗಟ್ಟಿಯಾಗಿ ಓದಿದಳು: ‘ತಂದದ್ದು, ಕೊಡದ್ದು.’

‘ಇದು ನಮ್ಮ ಮನೆ ವಿಷಯ’ ಎಂದು ಎದುರುಮನೆ ದೊಡ್ಡಮ್ಮ ಒಳಗೆ ಬಂದರು. ಅವರು ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಮನೆಯಿಂದ ಆ ಮಹಾರಾಯ ಎರವಲು ತಂದ ಸಾಮಾನಿನ ಪಟ್ಟಿ ಅವರಿಗೆ ಬಾಯಿಪಾಠವಾಗಿತ್ತು. ಏಣಿ ಎಂದರು; ಅವಳು ಒತ್ತಿ ನೋಡಿದಳು, ಅಲ್ಲ. ಸುತ್ತಿಗೆ, ಅಲ್ಲ. ಕೊಡೆ, ಅಳತೆ ಟೇಪು, ಎರಡನೆಯ ಕೊಡೆ. ಒಂದೊಂದು ಹೆಸರಿಗೂ ಅವಳು ಎದ್ದು ಹೋಗಿ, ಅಟ್ಟದಿಂದಲೋ ಮಂಚದಡಿಯಿಂದಲೋ ಆ ವಸ್ತುವನ್ನು ತಂದು ನಡುಮನೆಯಲ್ಲಿ ಇಡುತ್ತಿದ್ದಳು. ಮಣ್ಣು ಮೆತ್ತಿದ ಜರಡಿ ಕಂಡಾಗ ದೊಡ್ಡಮ್ಮ ಮಾತು ನಿಲ್ಲಿಸಿದರು.

‘ಇದಕ್ಕೋಸ್ಕರ ಒಂದು ವರ್ಷ ಸೊಸೆ ಮೇಲೆ ಗುಮಾನಿ ಪಟ್ಟೆನಲ್ಲೇ ತಾಯಿ.’

ಜರಡಿಯೂ ಅಲ್ಲ. ಹತ್ತು ಸಲ ತಪ್ಪಾದ ಮೇಲೆ ಯಂತ್ರ ಮುನಿಸಿಕೊಂಡು, ಹತ್ತು ನಿಮಿಷ ಬಿಟ್ಟು ಬನ್ನಿ ಎಂದಿತು. ದೊಡ್ಡಮ್ಮ ಜರಡಿಯನ್ನೂ ಕೊಡೆಗಳನ್ನೂ ಕಂಕುಳಲ್ಲಿ ಇರುಕಿಕೊಂಡು, ಸೊಸೆಗೆ ಏನು ಹೇಳುವುದೆಂದು ಯೋಚಿಸುತ್ತ ಮನೆಗೆ ಹೋದರು. ರಿಪೇರಿಯವನು ನೆಲ ನೋಡುತ್ತ ಕೂತಿದ್ದ. ಹಣೆಯ ಮೇಲೆ ಬೆವರಿತ್ತು.

‘ಹೇಳ್ಬಾರ್ದು ಅಂತಿದ್ದೆ ಮೇಡಂ. ಸಾವಿನ ಮನೇಲಿ ನಂದು ಇದೆ, ನಂದು ಇದೆ ಅನ್ನೋಕೆ ಬಾಯಿ ಬರಲ್ಲ.’

‘ಏನು?’

‘ಹಣೆಗೆ ಕಟ್ಕೊಳ್ಳೋ ಟಾರ್ಚು. ಎರಡು ದಿನಕ್ಕೆ ಅಂತ ಸರ್ ತಗೊಂಡಿದ್ರು. ಹೋದ ವರ್ಷ.’

ಅವಳು ಆ ಟಾರ್ಚು ಗಂಡನದೇ ಎಂದುಕೊಂಡಿದ್ದಳು. ಅವಳ ನಿದ್ದೆ ಕೆಡದಿರಲಿ ಎಂದು ಅವನು ಕೋಣೆಯ ದೀಪ ಆರಿಸಿ, ಅದನ್ನು ಹಣೆಗೆ ಕಟ್ಟಿಕೊಂಡು, ಗಣಿಗೆ ಇಳಿದವನ ಹಾಗೆ ಹಾಸಿಗೆಯಲ್ಲಿ ಪುಸ್ತಕ ಓದುತ್ತಿದ್ದ. ಪುಟ ತಿರುಗಿಸುವಾಗೆಲ್ಲ ಬೆಳಕು ಅವಳ ಮುಖಕ್ಕೇ ಹೊಡೆಯುತ್ತಿತ್ತು.

ಹತ್ತು ನಿಮಿಷ ಕಳೆಯಿತು. ಆ ಹೆಸರು ಒತ್ತಿದಳು. ತೆರೆದುಕೊಂಡಿತು.

ಎಲ್ಲವೂ ಇದ್ದ ಹಾಗೇ ಇತ್ತು. ಪರದೆ ತುಂಬ ಚೆಲ್ಲಾಪಿಲ್ಲಿಯಾದ ಕಡತಗಳು. ಎಡಚನಾಗಿದ್ದ ಗಂಡ ಮೌಸಿನ ಗುಂಡಿಗಳನ್ನು ಅದಲುಬದಲು ಮಾಡಿಟ್ಟಿದ್ದನಾಗಿ, ರಿಪೇರಿಯವನು ಒತ್ತಿದ್ದೊಂದು, ಆಗಿದ್ದೊಂದು. ಅದನ್ನು ಸರಿಮಾಡಲು ಹೊರಟವನ ಕೈ ಹಿಡಿದು ನಿಲ್ಲಿಸಬೇಕಾಯಿತು. ಕೊನೆಗೆ ಅವನು ಕಂಪ್ಯೂಟರಿನ ಗಡಿಯಾರವನ್ನಷ್ಟೇ ಸರಿಪಡಿಸಿದ. ಸರಿಯಾಗಿ ನಾಲ್ಕಕ್ಕೆ ಮೂಲೆಯಲ್ಲಿ ಸಾಲು ಮೂಡಿತು. ಅವನು ಓದಿ, ತನಗೇ ಹೇಳಿದರೇನೋ ಎಂಬಂತೆ ನೆಟ್ಟಗೆ ಕೂತ.

ಅವಳು ಎದ್ದು ಮಲಗುವ ಕೋಣೆಗೆ ಹೋದಳು. ಬರಲು ಸ್ವಲ್ಪ ಹೊತ್ತಾಯಿತು. ಪಟ್ಟಿಯನ್ನು ಅಚ್ಚುಕಟ್ಟಾಗಿ ಸುತ್ತಿದ್ದ ಟಾರ್ಚನ್ನು ಅವನ ಮುಂದೆ ಹಿಡಿದಳು.

‘ಅಯ್ಯೋ, ಇರ್ಲಿ ಬಿಡಿ ಮೇಡಂ. ಎಲ್ಲಾ ಇದ್ದ ಹಾಗೇ ಇರ್ಬೇಕು ಅಂದಿದ್ರಿ.’

‘ಇದು ನಿಮ್ಮದು.’

ಅವನು ಸಂಕೋಚದಿಂದಲೇ ತೆಗೆದುಕೊಂಡ. ವರ್ಷದ ಮೇಲೆ ಸಿಕ್ಕ ವಸ್ತು. ತಡೆಯಲಾರದೆ ಹಣೆಗೆ ಕಟ್ಟಿ ಗುಂಡಿ ಒತ್ತಿದ. ಬೆಳಕು ಗೋಡೆಗೆ ಹೊಡೆಯಿತು.

‘ಫುಲ್ ಚಾರ್ಜ್ ಇದೆ. ಇಷ್ಟು ದಿನ ಹೇಗೆ ನಿಂತಿತು ಮೇಡಂ?’

‘ದಿನಾ ಚಾರ್ಜಿಗೆ ಹಾಕ್ತಿದ್ದೆ.’

ಅವನು ಚೀಲ ಎತ್ತಿಕೊಂಡು, ಟಾರ್ಚು ಆರಿಸುವುದನ್ನೇ ಮರೆತು ಮೆಟ್ಟಿಲಿಳಿದ. ಹಾಡುಹಗಲಿನಲ್ಲಿ ಹಣೆಯ ಮೇಲೆ ದೀಪ ಉರಿಸಿಕೊಂಡು ಬೀದಿಯ ತಿರುವಿನವರೆಗೂ ಹೋದ. ಅವಳು ಕಿಟಕಿಯಲ್ಲಿ ನಿಂತಿದ್ದಳು, ಕೂಗಿ ಹೇಳಲಿಲ್ಲ.