ಬೆನ್ನಿಗೆ ಬಿದ್ದ ಗುರುತು

ಕತ್ತರಿ ಕೈಜಾರಿ ಹೊಲಿಗೆ ಯಂತ್ರದ ಹಿಂದೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಬಗ್ಗಿದಂತೆಯೇ ನಿಂತುಬಿಟ್ಟಳು. ಯಂತ್ರದ ಮರದ ಬೆನ್ನಿನ ಮೇಲೆ ಸೀಮೆಸುಣ್ಣದ ದೊಡ್ಡ ಇಂಟು ಗುರುತು.

ತನ್ನದೇ ಸುಣ್ಣ ತಾಗಿರಬೇಕು ಅಂದುಕೊಂಡಳು. ಅಲ್ಲ. ಬಟ್ಟೆಗೆ ಗೆರೆ ಎಳೆಯುವ ಅವಳ ಬಿಲ್ಲೆ ನೂಲೆಳೆಯಷ್ಟು ತೆಳ್ಳಗೆ ಬರೆಯುತ್ತದೆ. ಇದು ಬೆರಳಷ್ಟು ದಪ್ಪ. ಇಂಥ ಸುಣ್ಣ ಇರುವುದು ಗಂಡನ ಜೇಬಿನಲ್ಲಿ ಮಾತ್ರ.

ಗಂಡನದು ಮನೆ ಸಾಮಾನು ಸಾಗಿಸುವ ಕೆಲಸ. ಮನೆ ಖಾಲಿ ಮಾಡುವವರಲ್ಲಿಗೆ ಮೊದಲು ಹೋಗಿ, ಯಾವುದು ಗಾಡಿ ಹತ್ತಬೇಕು, ಯಾವುದು ಹತ್ತಬಾರದು ಎಂದು ಗುರುತು ಹಾಕುವವನು ಅವನೇ. ಸೊನ್ನೆ ಇದ್ದರೆ ಹೋಗುತ್ತದೆ. ಇಂಟು ಇದ್ದರೆ ಅಲ್ಲೇ ಉಳಿಯುತ್ತದೆ. ಅಳಿಸುವವರೆಗೆ ಯಾವ ಆಳೂ ಅದನ್ನು ಮುಟ್ಟುವಂತಿಲ್ಲ. ಮುಂಭಾಗ ಕೆಡಬಾರದೆಂದು ಗುರುತು ಯಾವಾಗಲೂ ಬೆನ್ನಿಗೆ. ಶುರು ಒಳಕೋಣೆಯಿಂದ, ಬಾಗಿಲ ಬಳಿಯದು ಕೊನೆಗೆ. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಅವಳಿಗೆ ದೊಡ್ಡ ವಿದ್ಯೆಯ ಹಾಗೆ ಹೇಳಿಕೊಟ್ಟಿದ್ದ.

ತವರಿನಿಂದ ತಂದ ಕಪಾಟನ್ನು ಗೋಡೆಯಿಂದ ಸ್ವಲ್ಪ ಸರಿಸಿ ನೋಡಿದಳು. ಇಂಟು. ಬಟ್ಟೆ ಮಡಚಿಡುವ ಮೇಜಿನ ಹಿಂದೆ ನೋಡಿದಳು. ಅಲ್ಲೂ ಇಂಟು. ಮುಂಬಾಗಿಲ ಪಕ್ಕದಲ್ಲಿ ಗಂಡನ ತಗಡಿನ ಪೆಟ್ಟಿಗೆ ಇತ್ತು. ಯಾವ ಮನೆಗೆ ಹೋದರೂ ಅದರ ಜಾಗ ಬಾಗಿಲ ಪಕ್ಕವೇ. ಅದನ್ನೂ ತಿರುಗಿಸಿದಳು. ಗುರುತಿಲ್ಲ.

ಸರಿ ಹೋಯಿತು. ಅವಳ ಸಾಮಾನೆಲ್ಲ ಇಲ್ಲೇ. ಹೋಗುವವನು ಅವನು.

ಹೋಗಿ ಅಂದವಳೂ ಅವಳೇ ತಾನೇ! ವರ್ಷದ ಕೊನೆಯ ಸಂಜೆ ಇಬ್ಬರೂ ಚಹಾ ಹಿಡಿದು ಕೂತು, ಬರುವ ವರ್ಷ ಮನೆಯ ವಿಷಯದಲ್ಲಿ ಏನಾಗಬೇಕೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಅವರ ರೂಢಿ. ಅವನದು ಪ್ರತಿ ವರ್ಷ ಒಂದೇ ರಾಗ. ಒಮ್ಮೆ ಗಾಳಿ ಸಾಲದು, ಒಮ್ಮೆ ಅಡುಗೆಮನೆ ಇಕ್ಕಟ್ಟು, ಒಮ್ಮೆ ಕಿಟಕಿಗೆ ಪಕ್ಕದ ಮನೆಯ ಗೋಡೆ ಅಡ್ಡ. ದಿನವಿಡೀ ಬೇರೆಯವರ ಸೋಫಾ ಹೊತ್ತು ದೊಡ್ಡ ದೊಡ್ಡ ಮನೆಗಳಲ್ಲಿ ಇಳಿಸಿ ಬರುವವನಿಗೆ ಸ್ವಂತ ಸೂರು ಹಿಡಿಸುವುದಾದರೂ ಹೇಗೆ? ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. "ಇದೇ ಕೊನೆ ಕಣೇ" ಅನ್ನುತ್ತಿದ್ದ, ಮುಂದಿನ ವರ್ಷ ಮತ್ತೆ ಗಾಡಿ. ಹಾಲಿನವನಿಗೆ ಬಾಗಿಲು ಗುರುತಾಗುವಷ್ಟರಲ್ಲಿ ಮನೆ ಬದಲು. ಅವಳು ಕಷ್ಟಪಟ್ಟು ಕುದುರಿಸಿದ ಗಿರಾಕಿಗಳು ಪ್ರತಿ ಸಲ ಮಂಗಮಾಯ.

ಈ ಸಲ ಅವಳೇ ಮೊದಲು ಬಾಯಿಬಿಟ್ಟಿದ್ದಳು. "ನಂಗೆ ಈ ವರ್ಷ ಇದೇ ಮನೆ ರೀ. ಮುಂದಿನ ವರ್ಷಾನೂ ಇದೇ. ಬೇಕಿದ್ರೆ ನೀವೊಬ್ರೇ ಹೋಗಿ."

ಅವನು ಲೋಟದ ತಳ ನೋಡಿದ. "ನಂದು ಆಮೇಲೆ ಹೇಳ್ತೀನಿ" ಅಂದ. ಆಮೇಲೆ ಹೇಳಲೇ ಇಲ್ಲ. ಈಗ ಸುಣ್ಣದಲ್ಲಿ ಹೇಳುತ್ತಿದ್ದಾನೆ ಪುಣ್ಯಾತ್ಮ.

ಮರುದಿನ ಬೆಳಿಗ್ಗೆ ಅವನು ಫೋನಿನಲ್ಲಿ ಗಾಡಿಯ ಡ್ರೈವರ್ ಜೊತೆ ಮಾತಾಡುತ್ತಿದ್ದ. ಅವಳು ಅಡುಗೆಮನೆಯಲ್ಲಿ ಮೈಯೆಲ್ಲ ಕಿವಿಯಾಗಿ ನಿಂತಳು. "ಇಲ್ಲಪ್ಪಾ, ಈ ಸಲ ನಮ್ಮನೆಗೆ ದೊಡ್ಡ ಗಾಡಿ ಬೇಡ." ಬೇಡವೇ ಬೇಡ. ಒಂದು ಪೆಟ್ಟಿಗೆಗೆ, ಒಬ್ಬ ಮನುಷ್ಯನಿಗೆ ದೊಡ್ಡ ಗಾಡಿ ಯಾಕೆ?

ಮೆಟ್ಟಿಲ ಮೇಲೆ ಓನರಮ್ಮ ಸಿಕ್ಕರು. "ನಿಮ್ಮೆಜಮಾನ್ರು ಬಂದು ಎಲ್ಲಾ ಮಾತಾಡಿ ಹೋದ್ರಮ್ಮ. ಇದನ್ನ ಯಾವತ್ತೋ ಮಾಡ್ಬೇಕಿತ್ತು ಅಂತ ನಾನೇ ಅಂದೆ" ಎಂದು ನಕ್ಕರು. ಅಯ್ಯೋ, ನಗುವ ವಿಷಯವೇ ಇದು! ಅವಳಿಗೆ ಉರಿದುಹೋಯಿತು. ಒಳಗೆ ಬಂದು ಕೂತವಳು ರವಿಕೆಯ ಎಡತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು, ಮತ್ತೆ ಬಲಕ್ಕೇ ಹೊಲಿದಳು.

ಸಂಜೆ ಅವನು ಬೇಗ ಬಂದ. ಪ್ರತಿ ಸಲ ಮನೆ ಬದಲಿಸಲು ಬೇಕಾಗುತ್ತದೆಂದು ಅಟ್ಟದ ಮೇಲೆ ಪೇರಿಸಿಟ್ಟಿದ್ದ ರಟ್ಟಿನ ಡಬ್ಬಗಳನ್ನೆಲ್ಲ ಇಳಿಸಿ ಬಾಗಿಲ ಬಳಿ ರಾಶಿ ಹಾಕಿದ.

"ಇದೇನ್ರೀ?" ಅವಳು ಕೇಳಿದಳು.

"ನಾಳೆ ಹೋಗ್ತವೆ. ಇನ್ಮೇಲೆ ನಿಂಗೆ ಅಡ್ಡ ಆಗಲ್ಲ ಬಿಡು."

ಅವಳು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಕಿಟಕಿಯಲ್ಲಿ ಅವಳಿಗೆ ಇಷ್ಟವಾದ ಸಂಜೆಯ ಬೆಳಕು ಇತ್ತು. ಗಿರಾಕಿಗಳ ಬಟ್ಟೆ ಮೇಜಿನ ತುಂಬ ಇತ್ತು. ಇದೇ ತಾನೇ ಬೇಕಿದ್ದುದು? ಸಿಕ್ಕಿತಲ್ಲ, ಇಟ್ಟುಕೋ. ಆಚೆ ಅವನು ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮು ಇಲ್ಲದ ಮನೆಯನ್ನು ನೆನೆಸಿಕೊಂಡಳು.

ಬಟ್ಟೆಯ ಚೂರೊಂದನ್ನು ನೀರಲ್ಲಿ ಅದ್ದಿದಳು. ಯಂತ್ರದ ಹಿಂದಿನ ಇಂಟು ಅಳಿಸಿದಳು. ಕಪಾಟಿನದು ಅಳಿಸಿದಳು. ಮೇಜಿನದನ್ನು ಬಣ್ಣ ಹೋಗುವಷ್ಟು ಉಜ್ಜಿದಳು. ಒದ್ದೆ ಬಟ್ಟೆ ಹಿಡಿದೇ ಹೊರಗೆ ಬಂದಳು.

"ಮನೆ ಹಾಳಾಗ್ಲಿ ರೀ. ನಾನೂ ಬರ್ತೀನಿ!"

ಅವನು ಮುಂಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ತಲೆ ಎತ್ತಿದ. "ಎಲ್ಲಿಗೆ?"

ಅವನ ಕೈಯಲ್ಲಿ ಸೀಮೆಸುಣ್ಣವಿತ್ತು. ಮುಂದೆ ಗೋಡೆಗೆ ಮುಖಮಾಡಿದ ತಗಡಿನ ಪೆಟ್ಟಿಗೆ. ಅದರ ಬೆನ್ನಿನ ಮೇಲೆ, ಈಗಷ್ಟೇ ಎಳೆದ, ದೊಡ್ಡ ಇಂಟು.

"ಇದೊಂದು ಉಳಿದಿತ್ತು" ಅಂದ. "ಇದೇ ಕೊನೆ ಅಂತ ಬಾಯಲ್ಲಿ ಹೇಳಿದ್ರೆ ನೀನು ನಂಬ್ತಿದ್ಯಾ?" ಆಗ ಅವಳ ಕೈಯ ಒದ್ದೆ ಬಟ್ಟೆ ಕಣ್ಣಿಗೆ ಬಿತ್ತು. "ಅಯ್ಯೋ, ಎಲ್ಲಾ ಅಳಿಸ್ಬಿಟ್ಯೇನೇ?"

ಅವನು ಎದ್ದು, ಸುಣ್ಣವನ್ನು ಅವಳ ಕೈಗಿಟ್ಟು, ಗೋಡೆಯ ಕಡೆ ತಿರುಗಿ ನಿಂತ.

"ಅವಕ್ಕೆಲ್ಲ ಆಮೇಲೆ ಹಾಕೋಣ. ಮೊದ್ಲು ನಂಗೆ ಹಾಕು, ನನ್ನ ಬೆನ್ನು ನಂಗೆ ಎಟಕಲ್ಲ."